ಮುಪ್ಪು ಮತ್ತು ಜೀವಕೋಶದ ಮನೆವಾರ್ತೆ

ಮನೆಯನ್ನು ಕಟ್ಟುವುದು ಒಂದು ಸಲದ ಕೆಲಸ. ಅದನ್ನು ಗುಡಿಸಿ ಸಾರಿಸಿ ಇಟ್ಟುಕೊಳ್ಳುವುದು ಪ್ರತಿದಿನದ ಕೆಲಸ. ಹಬ್ಬಕ್ಕೆ ಹೊಸ ಪಾತ್ರೆ ಕೊಂಡುತಂದ ಯಜಮಾನನನ್ನು ನಾಲ್ವರು ಹೊಗಳುವುದುಂಟು. ದಿನವೂ ಪಾತ್ರೆ ಬೆಳಗಿ, ಒಡೆದುದನ್ನು ಹೊರಗೆ ಹಾಕಿ, ಉಗ್ರಾಣದಲ್ಲಿ ಹುಳು ಹಿಡಿದ ಕಾಳನ್ನು ಕೇರಿ ಬೇರೆಮಾಡುವ ಗೃಹಿಣಿಯ ಶ್ರಮವನ್ನು ಮಾತ್ರ ಯಾರೂ ಲೆಕ್ಕಕ್ಕೆ ತರುವುದಿಲ್ಲ. ಆ ಕೆಲಸ ಎಂಟು ದಿನ ನಿಂತುಹೋದರೆ ಆಗ ಅದರ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ.

ದೇಹದ ವಿಷಯದಲ್ಲಿಯೂ ಜನರ ಎಣಿಕೆ ಹೀಗೆಯೇ ಇದೆ. ಏನು ತಿಂದರೆ ಮೈ ಬೆಳೆಯುವುದು, ಏನು ಕುಡಿದರೆ ಬಲ ಬರುವುದು ಎಂದು ವಿಚಾರಿಸುವವರು ಬಹಳ. ಹಾಗೆ ಕಟ್ಟಿದ ಮೈಯಲ್ಲಿ ದಿನವೂ ಸವೆದು ಕೆಡುವ ಭಾಗಗಳು ಏನಾಗುತ್ತವೆ ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಕಳೆದ ಎಂಬತ್ತು ತೊಂಬತ್ತು ವರ್ಷಗಳಲ್ಲಿ ವಿಜ್ಞಾನಿಗಳು ಕಂಡುಕೊಂಡ ಉತ್ತರವು ಮುಪ್ಪಿನ ಸ್ವರೂಪವನ್ನೇ ಹೊಸದಾಗಿ ತೋರಿಸಿಕೊಟ್ಟಿದೆ. ಹಿರಿಯರಿರುವ ಪ್ರತಿಯೊಂದು ಮನೆಗೂ ಅದು ಸಂಬಂಧಪಟ್ಟುದು. ಅದರ ಮೊದಲನೆಯ ಪಾಠಕ್ಕೆ ದೂರದ ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆ ಸಾಕುವ ಯಾವ ಮನೆಯಲ್ಲಿಯಾದರೂ ಅದು ದೊರೆಯುತ್ತದೆ.

ರೇಷ್ಮೆಹುಳುವಿನ ಪಾಠ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರೇಷ್ಮೆ ಎಂದರೆ ಹಲವು ಸಾವಿರ ಮನೆಗಳ ಅನ್ನ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರು ರಾಮನಗರದ ಹೆಸರಿನೊಡನೆಯೇ ಹೇಳತಕ್ಕುದು. ರೇಷ್ಮೆ ಕೃಷಿಯನ್ನು ಶಾಸ್ತ್ರವಾಗಿ ಕಲಿಸುವುದಕ್ಕೆಂದು ಕಾಲೇಜೊಂದು ಸ್ಥಾಪಿತವಾದುದು ಪಕ್ಕದ ಚಿಂತಾಮಣಿಯಲ್ಲಿ. ಮೊಟ್ಟೆಯೊಡೆದು ಬಂದ ಹುಳು ಕೂದಲಿನ ಚೂರಿನಷ್ಟಿರುತ್ತದೆ. ಅದು ನಾಲ್ಕು ಜ್ವರಗಳನ್ನು ಕಳೆದು, ಐದನೆಯ ಹಂತದಲ್ಲಿ ಹಗಲಿರುಳು ಸೊಪ್ಪು ಮೇದು, ಸುಮಾರು ೨೫ ದಿನಗಳಲ್ಲಿ ಹುಟ್ಟಿದಾಗಿನ ತೂಕದ ೧೦,೦೦೦ ಪಟ್ಟಿನಷ್ಟು ಬೆಳೆಯುತ್ತದೆ. ಈ ಹೊತ್ತಿಗೆ ಅದರ ಮೈಯೊಳಗೆ ಎರಡು ಉದ್ದವಾದ ರೇಷ್ಮೆ ಗ್ರಂಥಿಗಳು ತುಂಬಿಕೊಂಡಿರುತ್ತವೆ; ಹಣ್ಣಾದ ಹುಳುವಿನ ತೂಕದಲ್ಲಿ ನೂರಕ್ಕೆ ೪೦ರವರೆಗೂ ಈ ಗ್ರಂಥಿಗಳದೇ ಆಗಿರಬಹುದು. ಚಂದ್ರಿಕೆಗೆ ಬಿಟ್ಟಮೇಲೆ ಎರಡು ಮೂರು ದಿನ ಅದು ಎಡೆಬಿಡದೆ ನೂಲು ತೆಗೆದು ಗೂಡು ಕಟ್ಟುತ್ತದೆ. ಒಂದೇ ಗೂಡಿನ ಎಳೆ ನೂರಾರು ಮೀಟರು. ಒಳ್ಳೆಯ ತಳಿಯಲ್ಲಿ ೧,೦೦೦ ಮೀಟರನ್ನು ಮುಟ್ಟುವುದೂ ಉಂಟು. ಆ ಎಳೆಯೆಲ್ಲವೂ ಮುಖ್ಯವಾಗಿ ಫೈಬ್ರಾಯಿನ್, ಸೆರಿಸಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿಂದಾದುದು.

ಇಷ್ಟು ಕಥೆ ರೇಷ್ಮೆ ಬೆಳೆಯುವವರಿಗೆಲ್ಲ ತಿಳಿದುದೇ. ಮುಂದಿನದು ಗೂಡಿನೊಳಗೆ ಮರೆಯಾಗಿ ನಡೆಯುವುದರಿಂದ ಕಂಡವರು ಕಡಮೆ. ನೂಲು ತೀರಿದ ಬಳಿಕ ಆ ಗ್ರಂಥಿಗಳಿಂದ ಇನ್ನಾವ ಪ್ರಯೋಜನವೂ ಇಲ್ಲ. ಹುಳು ಪ್ಯೂಪವಾಗಿ ಕೆಲವೇ ದಿನ ಕಳೆದಮೇಲೆ ಅದನ್ನು ಸೀಳಿ ನೋಡಿದರೆ, ಅಷ್ಟು ದೊಡ್ಡ ಗ್ರಂಥಿಗಳು ಇದ್ದುವೆಂಬುದಕ್ಕೆ ಗುರುತೇ ಇಲ್ಲದಂತೆ ಕರಗಿಹೋಗಿರುತ್ತವೆ. ಅವುಗಳನ್ನು ತಿಂದವರು ಯಾರು? ಹೊರಗಿನವರಲ್ಲ, ಗ್ರಂಥಿಯ ಜೀವಕೋಶಗಳೇ ತಮ್ಮೊಳಗಿನ ಸಾಮಗ್ರಿಯನ್ನು ಸಣ್ಣ ಸಣ್ಣ ಚೀಲಗಳಲ್ಲಿ ಕಟ್ಟಿ, ಜೀರ್ಣಿಸಿ, ಬಿಡಿಬಿಡಿಯಾಗಿ ಕಳಚಿ, ಕಡೆಗೆ ತಾವೂ ಮುಗಿದುಹೋಗುತ್ತವೆ. ಹುಳುವಿನ ಹಳೆಯ ಕರುಳಿನ ಪದರವೂ ಹೀಗೆಯೇ ಕಳಚಿಹೋಗುತ್ತದೆ. ಬಾಯಿಗೆ ಎಲೆಯ ಚೂರೂ ಇಲ್ಲದ ಹತ್ತು ಹನ್ನೆರಡು ದಿನಗಳಲ್ಲಿ, ಹಳೆಯ ಮೈಯಿಂದ ಬಿಚ್ಚಿದ ಸಾಮಗ್ರಿಯೇ ಪತಂಗದ ರೆಕ್ಕೆ, ಕಣ್ಣು, ಮೊಟ್ಟೆಗಳಿಗೆ ಒದಗುತ್ತದೆ. ಹಳೆಯ ಮನೆಯ ತೊಲೆ ಕಂಬಗಳನ್ನು ಜೋಪಾನವಾಗಿ ಬಿಚ್ಚಿ ಹೊಸ ಮನೆಗೆ ಬಳಸಿಕೊಳ್ಳುವ ಪರಿ ಇದು.

ಬಿಚ್ಚುವ ಕಾಲ ಬಂದಿತೆಂದು ಅಪ್ಪಣೆ ಕೊಡುವುದು ಎಕ್‌ಡೈಸೋನ್ ಎಂಬ ಹಾರ್ಮೋನು. ೧೯೫೪ರಲ್ಲಿ ಜರ್ಮನಿಯ ಬುಟೆನಾಂಟ್, ಕಾರ್ಲ್‌ಸನ್ ಎಂಬ ಇಬ್ಬರು ವಿಜ್ಞಾನಿಗಳು ಅದನ್ನು ಮೊತ್ತಮೊದಲು ಶುದ್ಧವಾದ ಹರಳಾಗಿ ಬೇರ್ಪಡಿಸಿದುದು ರೇಷ್ಮೆಹುಳುವಿನ ಪ್ಯೂಪಗಳಿಂದಲೇ. ೫೦೦ ಕಿಲೋಗ್ರಾಂ ಪ್ಯೂಪಗಳಿಂದ ಅವರಿಗೆ ದೊರೆತುದು ಕೇವಲ ೨೫ ಮಿಲಿಗ್ರಾಂ! ಅಷ್ಟು ಸ್ವಲ್ಪವಾದ ವಸ್ತುವಿನ ಆಜ್ಞೆಗೆ ಒಂದು ಇಡೀ ದೇಹ ಕರಗಿ ಮತ್ತೊಂದಾಗುವುದು ಪ್ರಕೃತಿಯ ವಿಚಿತ್ರಗಳಲ್ಲಿ ಒಂದು.

ನಮ್ಮೊಳಗಿನ ಗುಡಿಸುವವರು

ನಾವು ಹುಳುವಿನಂತೆ ಕರಗಿ ಪತಂಗವಾಗುವುದಿಲ್ಲ ನಿಜ. ಆದರೆ ಅದೇ ಕೆಲಸ ನಮ್ಮಲ್ಲಿಯೂ ಪ್ರತಿಕ್ಷಣ, ಸ್ವಲ್ಪ ಸ್ವಲ್ಪವಾಗಿ, ಸದ್ದಿಲ್ಲದೆ ನಡೆಯುತ್ತಿರುತ್ತದೆ. ದೊಡ್ಡವರ ಮೈಯಲ್ಲಿ ಒಂದು ದಿನಕ್ಕೆ ಸುಮಾರು ೨೫೦ರಿಂದ ೩೦೦ ಗ್ರಾಂ ಪ್ರೋಟೀನು ಕಳಚಲ್ಪಟ್ಟು, ಹೆಚ್ಚುಕಡಮೆ ಅಷ್ಟೇ ಹೊಸದಾಗಿ ಕಟ್ಟಲ್ಪಡುತ್ತದೆ. ಊಟದಲ್ಲಿ ನಮಗೆ ಸೇರುವ ಪ್ರೋಟೀನು ಇದರ ಕಾಲುಭಾಗದಷ್ಟು ಮಾತ್ರ. ಉಳಿದುದೆಲ್ಲ ಎಲ್ಲಿಂದ ಬರುವುದೆಂದರೆ, ಕಳಚಿದ ಹಳೆಯದರಿಂದಲೇ.

ಹಿಂದೆ ಪಂಡಿತರು ದೇಹವನ್ನು ಒಂದು ಯಂತ್ರಕ್ಕೆ ಹೋಲಿಸುತ್ತಿದ್ದರು. ಊಟವು ಯಂತ್ರಕ್ಕೆ ಹಾಕಿದ ಸೌದೆಯಂತೆ ಉರಿದುಹೋಗುವುದು, ಯಂತ್ರದ ಕಬ್ಬಿಣ ಮಾತ್ರ ಹಾಗೆಯೇ ಇರುವುದು ಎಂದು ಅವರ ಅಭಿಪ್ರಾಯ. ೧೯೩೦ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿದ್ದ ರುಡಾಲ್ಫ್ ಷೋನ್‌ಹೈಮರ್ ಎಂಬಾತನು ಗುರುತಿಟ್ಟ ನೈಟ್ರೋಜನ್ ಸೇರಿಸಿದ ಆಹಾರವನ್ನು ಇಲಿಗಳಿಗೆ ತಿನ್ನಿಸಿ ಪರೀಕ್ಷಿಸಿದಾಗ, ಆ ಗುರುತು ಉರಿದು ಹೊರಗೆ ಹೋಗುವ ಬದಲು ಬಹುಮಟ್ಟಿಗೆ ಇಲಿಗಳ ಮೈಯಲ್ಲಿಯೇ ಸೇರಿಕೊಂಡಿತ್ತು. ಹಾಗಾದರೆ ಯಂತ್ರದ ಕಬ್ಬಿಣವೇ ದಿನವೂ ಬದಲಾಗುತ್ತಿದೆ ಎಂದಾಯಿತು.

ಈ ಬದಲಾವಣೆಗೆ ಜೀವಕೋಶದಲ್ಲಿ ಮುಖ್ಯವಾಗಿ ಎರಡು ಏರ್ಪಾಡುಗಳಿವೆ. ಮೊದಲನೆಯದು ಬಿಡಿ ಪ್ರೋಟೀನುಗಳಿಗೆ ಸೇರಿದುದು. ಕೆಟ್ಟುಹೋದ ಅಥವಾ ಕೆಲಸ ಮುಗಿದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಚೀಟಿಯಂತೆ ಅಂಟಿಸಲಾಗುವುದು. ಚೀಟಿ ಬಿದ್ದುದನ್ನು ಪ್ರೋಟಿಯಾಸೋಮ್ ಎಂಬ ಪೀಪಾಯಿಯಂಥ ಯಂತ್ರವು ಒಳಗೆ ಎಳೆದುಕೊಂಡು ತುಂಡುತುಂಡಾಗಿ ಕತ್ತರಿಸುವುದು. ಈ ಕೆಲಸಕ್ಕೆ ಜೀವಕೋಶವು ಶಕ್ತಿಯನ್ನು ವ್ಯಯಮಾಡಬೇಕು. ಕಸ ಹೊರುವವನಿಗೂ ಕೂಲಿ ಕೊಡಬೇಕಾದ ಹಾಗೆ. ಈ ಚೀಟಿಯ ರಹಸ್ಯವನ್ನು ಬಯಲಿಗೆ ತಂದ ಚೀಹನೋವರ್, ಹರ್ಷ್ಕೋ, ರೋಸ್ ಎಂಬ ಮೂವರಿಗೆ ೨೦೦೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು.

ಎರಡನೆಯ ಏರ್ಪಾಡು ದೊಡ್ಡ ಸಾಮಾನುಗಳಿಗೆ. ಮುದ್ದೆಗಟ್ಟಿದ ಪ್ರೋಟೀನು, ಸವೆದ ಅಂಗಭಾಗ ಇವುಗಳ ಸುತ್ತ ಜೀವಕೋಶವು ಒಂದು ಚೀಲವನ್ನು ಹೆಣೆದು, ಅದನ್ನು ಲೈಸೋಸೋಮ್ ಎಂಬ ಹುಳಿ ತುಂಬಿದ ಕೋಣೆಗೆ ಸಾಗಿಸುತ್ತದೆ. ಅಲ್ಲಿ ಎಲ್ಲವೂ ಜೀರ್ಣವಾಗಿ ಮತ್ತೆ ಬಳಕೆಗೆ ಬರುತ್ತದೆ. ಲೈಸೋಸೋಮನ್ನು ೧೯೫೫ರಲ್ಲಿ ಕಂಡುಹಿಡಿದವನು ಬೆಲ್ಜಿಯಮಿನ ಕ್ರಿಶ್ಚಿಯನ್ ದ ದ್ಯೂವ್. ಈ ಕ್ರಿಯೆಗೆ ೧೯೬೩ರಲ್ಲಿ ಆಟೋಫೇಜಿ, ಎಂದರೆ ತನ್ನನ್ನು ತಾನೇ ತಿನ್ನುವುದು, ಎಂದು ಹೆಸರಿಟ್ಟವನೂ ಅವನೇ. ಜಪಾನಿನ ಯೋಶಿನೋರಿ ಓಸುಮಿ ೧೯೯೦ರ ದಶಕದಲ್ಲಿ ಹಿಟ್ಟು ಹುಳಿಬರಿಸುವ ಯೀಸ್ಟಿನಲ್ಲಿ ಈ ಕೆಲಸವನ್ನು ನಡೆಸುವ ಜೀನುಗಳನ್ನು ಒಂದೊಂದಾಗಿ ಗುರುತಿಸಿದರು. ೨೦೧೬ರ ನೊಬೆಲ್ ಬಹುಮಾನ ಅವರದಾಯಿತು. ಶಿಡ್ಲಘಟ್ಟದ ಗೂಡಿನೊಳಗೆ ಗ್ರಂಥಿಯನ್ನು ಕರಗಿಸುವುದೂ, ಯೀಸ್ಟಿನ ಕಣವನ್ನು ಹಸಿವಿನ ಕಾಲದಲ್ಲಿ ಬದುಕಿಸುವುದೂ, ನಮ್ಮ ಯಕೃತ್ತನ್ನು ಶುಚಿಯಾಗಿಡುವುದೂ ಮೂಲದಲ್ಲಿ ಒಂದೇ ಉಪಾಯ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಹಾರ ಸಮೃದ್ಧಿಯಾಗಿರುವಾಗ ಜೀವಕೋಶವು ಕಟ್ಟುವ ಕೆಲಸದಲ್ಲಿ ತೊಡಗಿ ಗುಡಿಸುವುದನ್ನು ತಗ್ಗಿಸುತ್ತದೆ. ಕೊರತೆ ಬಂದಾಗ ಮೂಲೆಮುಡುಕನ್ನು ಶೋಧಿಸಿ ಹಳೆಯದನ್ನು ಬಳಕೆಗೆ ತರುತ್ತದೆ. ಬಡತನದಲ್ಲಿ ಮನೆಯ ಅಟ್ಟವೆಲ್ಲ ಖಾಲಿಯಾಗುವುದನ್ನು ಕಂಡವರಿಗೆ ಇದು ಹೊಸತಲ್ಲ.

ಪೊರಕೆ ಸವೆಯುವ ಕಾಲ

ಎಲ್ಲರಿಗೂ ಒಂದೇ ವಯಸ್ಸಿನಲ್ಲಿ ಮುಪ್ಪು ಬರುವುದಿಲ್ಲ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ತಮ್ಮ ಕಾರ್ಯಜೀವನದ ನೆನಪುಗಳನ್ನು ಪುಸ್ತಕವಾಗಿ ಹೊರತಂದುದು ೧೯೫೧ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ. ೧೯೬೨ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು. ಅದೇ ನೀರು, ಅದೇ ಗಾಳಿಯಲ್ಲಿ ಬೆಳೆದ ಮತ್ತೊಬ್ಬರು ಅರುವತ್ತಕ್ಕೆ ಕುಗ್ಗುವುದನ್ನೂ ನಾವು ಕಾಣುತ್ತೇವೆ. ಈ ವ್ಯತ್ಯಾಸಕ್ಕೆ ಕಾರಣಗಳು ಹಲವು. ಜೀವಕೋಶದ ಗುಡಿಸುವ ಏರ್ಪಾಡು ಎಷ್ಟು ಕಾಲ ಚುರುಕಾಗಿರುವುದೆಂಬುದು ಅವುಗಳಲ್ಲಿ ಒಂದೆಂದು ಈಗ ವಿಜ್ಞಾನಿಗಳು ಎಣಿಸುತ್ತಾರೆ.

ವಯಸ್ಸಾದಂತೆ ಈ ಏರ್ಪಾಡು ಹಲವು ಕಡೆಗಳಲ್ಲಿ ಸಡಿಲುತ್ತದೆ. ಅನೇಕ ಅಂಗಗಳಲ್ಲಿ ಪ್ರೋಟಿಯಾಸೋಮಿನ ಕತ್ತರಿ ಮೊಂಡಾಗುವುದು. ಲೈಸೋಸೋಮಿನ ಹುಳಿ ಕುಗ್ಗಿ ಜೀರ್ಣಶಕ್ತಿ ತಗ್ಗುವುದು. ಅರೆಜೀರ್ಣವಾದ ಕಸವು ಲಿಪೋಫ್ಯುಸಿನ್ ಎಂಬ ಹಳದಿಗಂದು ಬಣ್ಣದ ಗಸಿಯಾಗಿ ಅಲ್ಲಿಯೇ ನಿಲ್ಲುವುದು. ಮುದುಕರ ಹೃದಯದ ಸ್ನಾಯುವಿನಲ್ಲಿಯೂ ಮೆದುಳಿನ ನರಕೋಶಗಳಲ್ಲಿಯೂ ಸೂಕ್ಷ್ಮದರ್ಶಕದಿಂದ ಈ ಗಸಿಯನ್ನು ಕಾಣಬಹುದು. ಗಸಿ ತುಂಬಿದಷ್ಟೂ ಹೊಸ ಕಸಕ್ಕೆ ಎಡೆ ಕಡಮೆ. ಕೆಲವು ಪ್ರೋಟೀನುಗಳನ್ನು ಲೈಸೋಸೋಮಿನೊಳಕ್ಕೆ ಬಿಟ್ಟುಕೊಳ್ಳುವ ಬಾಗಿಲುಗಳೂ ಇಲಿಯ ಯಕೃತ್ತಿನಲ್ಲಿ ವಯಸ್ಸಿನೊಡನೆ ಕಡಮೆಯಾಗುವುವೆಂದು ಕಂಡುಬಂದಿದೆ. ೨೦೦೮ರಲ್ಲಿ ಆನಾ ಮರಿಯಾ ಕ್ವೆರ್ವೊ ಎಂಬ ವಿದುಷಿಯು ತನ್ನ ಸಹೋದ್ಯೋಗಿಯೊಡನೆ ಮುದಿ ಇಲಿಗಳ ಯಕೃತ್ತಿನಲ್ಲಿ ಆ ಬಾಗಿಲುಗಳನ್ನು ಎಳೆಯ ವಯಸ್ಸಿನಷ್ಟೇ ಉಳಿಯುವಂತೆ ಮಾಡಿದಾಗ, ಅವುಗಳ ಯಕೃತ್ತು ಬಹುಮಟ್ಟಿಗೆ ಎಳೆಯ ಇಲಿಗಳದರಂತೆಯೇ ಕೆಲಸಮಾಡಿತು. ಮುಪ್ಪಿನ ಈ ಭಾಗವಾದರೂ ಬದಲಿಸಲಾಗದ ಹಣೆಬರಹವಲ್ಲವೆಂಬ ಆಸೆಯನ್ನು ಈ ಪ್ರಯೋಗ ಹುಟ್ಟಿಸಿತು.

ಗುಡಿಸುವುದೇ ಇಲ್ಲದ ಕಡೆ ಏನಾಗುವುದೆಂದು ತಿಳಿಯಬೇಕಾದರೆ ಹಿರಿಯರ ಕಣ್ಣನ್ನು ನೋಡಿ. ಕಣ್ಣಿನ ಮಸೂರವು ಬೆಳಕಿಗೆ ಅಡ್ಡಿಯಾಗದಿರಲೆಂದು ಅದರ ಒಳಗಿನ ಜೀವಕೋಶಗಳು ತಮ್ಮ ಯಂತ್ರಗಳನ್ನೆಲ್ಲ ಕಳೆದುಕೊಂಡಿರುತ್ತವೆ. ನಾವು ತಾಯ ಗರ್ಭದಲ್ಲಿದ್ದಾಗ ಮಸೂರದ ನಡುವೆ ಸೇರಿದ ಪ್ರೋಟೀನೇ ಎಂಬತ್ತನೆಯ ವಯಸ್ಸಿನಲ್ಲಿಯೂ ಅಲ್ಲಿರುತ್ತದೆ. ಅದನ್ನು ಕಳಚುವವರೂ ಇಲ್ಲ, ಹೊಸದನ್ನು ಕಟ್ಟುವವರೂ ಇಲ್ಲ. ವರ್ಷಗಳು ಕಳೆದಂತೆ ಆ ಪ್ರೋಟೀನು ಕೆಟ್ಟು, ಒಂದಕ್ಕೊಂದು ಅಂಟಿ, ಮಬ್ಬಾಗುತ್ತದೆ. ಅದೇ ಪೊರೆ. ಮೊಟ್ಟೆಯ ಬಿಳಿಯ ಭಾಗ ಬೆಂದು ಬೆಳ್ಳಗಾಗುವುದನ್ನು ಬಲ್ಲವರಿಗೆ, ಪ್ರೋಟೀನು ಕೆಟ್ಟರೆ ತಿಳಿಯಾದುದು ಹೇಗೆ ಮಬ್ಬಾಗುವುದೆಂಬುದು ಅರ್ಥವಾಗುತ್ತದೆ. ಪುಣ್ಯಕ್ಕೆ ಕೆಟ್ಟ ಮಸೂರವನ್ನು ತೆಗೆದು ಬೇರೊಂದನ್ನು ಇಡುವ ಶಸ್ತ್ರಚಿಕಿತ್ಸೆ ಈಗ ಸುಲಭವಾಗಿದೆ.

ಮೆದುಳಿಗೆ ಅಂಥ ಉಪಾಯವಿಲ್ಲ. ಚರ್ಮದ ಜೀವಕೋಶಗಳು ಒಡೆದು ಎರಡಾಗುತ್ತಿರುವುದರಿಂದ, ಅಣ್ಣತಮ್ಮಂದಿರು ಪಾಲಾದಾಗ ಮನೆಯ ಸಾಲವೂ ಪಾಲಾಗುವಂತೆ, ಅವುಗಳ ಕಸ ಹಂಚಿಹೋಗುತ್ತದೆ. ನರಕೋಶಗಳಾದರೋ ಪಾಲಾಗುವುದಿಲ್ಲ, ಹುಟ್ಟಿನಿಂದ ಸಾಯುವವರೆಗೆ ಹೆಚ್ಚುಕಡಮೆ ಅವೇ ನಮ್ಮೊಡನಿರತಕ್ಕುವು. ೨೦೦೬ರಲ್ಲಿ ಜಪಾನಿನ ಎರಡು ತಂಡಗಳು ಇಲಿಗಳ ನರಕೋಶಗಳಲ್ಲಿ ಮಾತ್ರ ಆಟೋಫೇಜಿ ನಡೆಯದಂತೆ ಮಾಡಿದುವು. ಇಲಿಗಳಿಗೆ ಬೇರೆ ಯಾವ ರೋಗವನ್ನೂ ಹಚ್ಚಿರಲಿಲ್ಲ. ಆದರೂ ಅವುಗಳ ನರಕೋಶಗಳಲ್ಲಿ ಪ್ರೋಟೀನಿನ ಮುದ್ದೆಗಳು ಸೇರಿ, ನಡಿಗೆ ತಪ್ಪಿ, ನರಕೋಶಗಳು ಸತ್ತುವು. ೧೯೦೬ರಲ್ಲಿ ಅಲ್ಜೈಮರ್ ಎಂಬ ವೈದ್ಯನು ವಿವರಿಸಿದ ಮರೆವಿನ ರೋಗದಲ್ಲಿಯೂ, ಕೈ ನಡುಗಿಸುವ ಪಾರ್ಕಿನ್‌ಸನ್ ರೋಗದಲ್ಲಿಯೂ ಮೆದುಳಿನಲ್ಲಿ ಕಾಣುವುದು ಇಂತಹ ಪ್ರೋಟೀನಿನ ಮುದ್ದೆಗಳೇ. ಗುಡಿಸುವ ಶಕ್ತಿ ಕುಗ್ಗಿದುದರಿಂದ ಮುದ್ದೆ ಸೇರಿತೋ, ಮುದ್ದೆ ಸೇರಿದುದರಿಂದ ಗುಡಿಸುವ ಶಕ್ತಿ ಕುಗ್ಗಿತೋ ಎಂಬ ಚರ್ಚೆ ಮುಗಿದಿಲ್ಲ. ಎರಡೂ ಒಂದನ್ನೊಂದು ಹೆಚ್ಚಿಸುವುವೆಂಬುದು ಬಹುಜನ ವಿಜ್ಞಾನಿಗಳ ಮತ.

ನಮ್ಮ ನಾಡಿನಲ್ಲಿ ನಡೆದಿರುವ ಕೆಲಸ

ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಹೆದ್ದಾರಿಯ ಮಗ್ಗುಲಲ್ಲೇ ಜಕ್ಕೂರು ಇದೆ. ಅಲ್ಲಿಯ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡವು ಆಟೋಫೇಜಿಯನ್ನು ಚುರುಕುಗೊಳಿಸುವ ಪುಟ್ಟ ಅಣುಗಳನ್ನು ಹುಡುಕಿ, ಯೀಸ್ಟಿನಿಂದ ಮೊದಲ್ಗೊಂಡು ಪಾರ್ಕಿನ್‌ಸನ್ ರೋಗದ ಲಕ್ಷಣಗಳಿರುವ ಇಲಿಗಳವರೆಗೆ ಪರೀಕ್ಷಿಸಿದೆ. ಇವು ಔಷಧಿಯಾಗಿ ಅಂಗಡಿಗೆ ಬರುವ ಮೊದಲು ಸಾಗಬೇಕಾದ ಹಾದಿ ದೀರ್ಘವಾದುದು.

ಚಿಂತಾಮಣಿಯ ನೆರೆಯ ತಾಲ್ಲೂಕಾದ ಶ್ರೀನಿವಾಸಪುರದಲ್ಲಿ ಮತ್ತೊಂದು ಬಗೆಯ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ೨೦೧೮ರಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ೪೫ ವರ್ಷ ದಾಟಿದ ೧೦,೦೦೦ ಜನರನ್ನು ಸೇರಿಸಿಕೊಳ್ಳುವ ಗುರಿಯಿಂದ ದೀರ್ಘಕಾಲದ ಅಧ್ಯಯನವೊಂದನ್ನು ಕೈಗೊಂಡಿತು. ಅವರ ನೆನಪು, ರಕ್ತ, ಊಟ, ನಡಿಗೆ ಮುಂತಾದುವನ್ನು ಮತ್ತೆ ಮತ್ತೆ ಪರೀಕ್ಷಿಸಿ, ಯಾರ ಮೆದುಳು ಚೆನ್ನಾಗಿ ಉಳಿಯುವುದು, ಯಾರದು ಕುಗ್ಗುವುದು ಎಂದು ನೋಡುವುದು ಇದರ ಉದ್ದೇಶ. ಪಾಶ್ಚಾತ್ಯ ನಗರಗಳ ಜನರನ್ನು ನೋಡಿ ಬರೆದ ಗ್ರಂಥಗಳಲ್ಲಿ ನಮ್ಮ ಹೊಲಗೆಲಸದವರ ಮುಪ್ಪಿನ ವೃತ್ತಾಂತ ಸಿಕ್ಕುವುದಿಲ್ಲ. ಅದನ್ನು ನಮ್ಮ ಹಳ್ಳಿಗಳಲ್ಲಿಯೇ ಕೂಡಿಸಬೇಕು.

ಮನೆಯಲ್ಲಿ ಮಾಡತಕ್ಕುದೇನು?

ಇದನ್ನೆಲ್ಲ ಓದಿದವರು ಕೇಳುವ ಮೊದಲ ಪ್ರಶ್ನೆ, ಉಪವಾಸದಿಂದ ಮುಪ್ಪು ದೂರವಾಗುವುದೇ ಎಂದು. ಹಸಿವಿನಲ್ಲಿ ಆಟೋಫೇಜಿ ಹೆಚ್ಚುವುದೆಂಬುದು ಇಲಿಗಳಲ್ಲಿ ಚೆನ್ನಾಗಿ ಸ್ಥಾಪಿತವಾಗಿದೆ. ಮನುಷ್ಯರಲ್ಲಿ ಇಷ್ಟು ಹೊತ್ತು ಉಪವಾಸವಿದ್ದರೆ ಇಷ್ಟು ವರ್ಷ ಆಯುಸ್ಸು ಎಂದು ಹೇಳುವುದಕ್ಕೆ ಆಧಾರವಿಲ್ಲ. ಏಕಾದಶಿಯ ಉಪವಾಸ ರೂಢಿಯಿದ್ದು ಆರೋಗ್ಯವಾಗಿರುವವರು ಅದನ್ನು ಬಿಡಬೇಕಾಗಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು, ಕೃಶರಾದ ವೃದ್ಧರು ವೈದ್ಯರನ್ನು ಕೇಳದೆ ಉಪವಾಸ ಮಾಡುವುದು ಅಪಾಯಕರ.

ಶರೀರಶ್ರಮದ ಮಾತು ಇದಕ್ಕಿಂತ ಗಟ್ಟಿಯಾದುದು. ಓಡಾಟದಿಂದ ಸ್ನಾಯುಗಳಲ್ಲಿ ಆಟೋಫೇಜಿ ಹೆಚ್ಚುವುದೆಂದು ೨೦೧೨ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ನಡಿಗೆಯಿಂದ ಹಿರಿಯರ ಹೃದಯಕ್ಕೂ ಮೈಬಲಕ್ಕೂ ಹಿತವೆಂಬುದು ಹೇಗೂ ಸಿದ್ಧವಾದುದು. ಸೊಸೆ ಮೊಮ್ಮಕ್ಕಳು ಪ್ರೀತಿಯಿಂದ "ಅಜ್ಜಿ, ನೀವು ಕೂತುಕೊಳ್ಳಿ, ಏನೂ ಮಾಡಬೇಡಿ" ಎಂದು ಎಲ್ಲ ಕೆಲಸವನ್ನೂ ಕೈಯಿಂದ ಕಸಿದುಕೊಳ್ಳುವುದು ಉಪಕಾರವಲ್ಲ. ಅವರೆಕಾಯಿ ಸುಲಿಯುವುದು, ಹಿತ್ತಿಲಿಗೆ ಹೋಗಿ ಹೂ ಬಿಡಿಸುವುದು, ಸಂಜೆ ಗುಡಿಯವರೆಗೆ ನಡೆದು ಬರುವುದು ಇವುಗಳನ್ನು ಅವರಿಗೇ ಬಿಡಬೇಕು.

ಊಟದಲ್ಲಿ ಹಿರಿಯರಿಗೆ ಹಲ್ಲಿಲ್ಲವೆಂದು ಗಂಜಿ, ತಿಳಿಸಾರಿನ ಅನ್ನವನ್ನೇ ಬಡಿಸುವ ರೂಢಿ ಅನೇಕ ಮನೆಗಳಲ್ಲಿದೆ. ಕಟ್ಟುವ ಶಕ್ತಿಯೂ ಕುಗ್ಗುವ ಆ ವಯಸ್ಸಿನಲ್ಲಿ ಪ್ರೋಟೀನು ಹೆಚ್ಚು ಬೇಕೇ ಹೊರತು ಕಡಮೆಯಲ್ಲ. ಸಾಮಾನ್ಯವಾಗಿ ದೊಡ್ಡವರಿಗೆ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೦.೮೩ ಗ್ರಾಂ ಪ್ರೋಟೀನು ಸಾಕೆನ್ನುತ್ತಾರೆ. ೬೫ ದಾಟಿದವರಿಗೆ ೧ರಿಂದ ೧.೨ ಗ್ರಾಂ ಬೇಕೆಂದು ಪರಿಣತರ ಮಂಡಲಿಯೊಂದು ೨೦೧೩ರಲ್ಲಿ ಸಲಹೆಮಾಡಿತು. ನಮ್ಮ ಕಡೆಯ ಮುದ್ದೆಯೊಡನೆ ಹುರುಳಿಯನ್ನೋ ಅವರೆಯನ್ನೋ ಮೆತ್ತಗೆ ಬೇಯಿಸಿ, ಬರಿಯ ಕಟ್ಟನ್ನಲ್ಲದೆ ಕಾಳನ್ನೂ ಮಸೆದು ಬಡಿಸಬಹುದು. ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ ಉತ್ತಮ. ಮೂತ್ರಪಿಂಡದ ರೋಗವಿರುವವರು ಮಾತ್ರ ವೈದ್ಯರ ಮಾತಿನಂತೆ ನಡೆಯಬೇಕು.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯ. "ಅರುವತ್ತಕ್ಕೆ ಅರಳುಮರಳು" ಎಂಬ ಗಾದೆ ನಮ್ಮ ಮನೆಗಳಲ್ಲಿ ಬಹಳ ಅನ್ಯಾಯ ಮಾಡಿದೆ. ಹಾಲು ಒಲೆಯ ಮೇಲಿಟ್ಟು ಮರೆಯುವ, ಕೇಳಿದುದನ್ನೇ ಕೇಳುವ, ತಮ್ಮ ಸೊಸೆಯ ಹೆಸರಿಗೆ ತಡಕಾಡುವ ಹಿರಿಯರನ್ನು ಒಬ್ಬರು ಹಾಸ್ಯಮಾಡುತ್ತಾರೆ, ಇನ್ನೊಬ್ಬರು ಬೇಕೆಂದೇ ಮಾಡುತ್ತಾರೆಂದು ಗದರುತ್ತಾರೆ, ಮತ್ತೊಬ್ಬರು ವಯಸ್ಸಾಯಿತೆಂದು ಕೈಬಿಡುತ್ತಾರೆ. ಈ ಮೂರೂ ತರವಲ್ಲ. ಮರೆವಿಗೆ ಥೈರಾಯಿಡ್ ಕೊರತೆ, ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ ೧೨ ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳು ಸಹ ಕಾರಣವಾಗಬಹುದು; ಇವುಗಳಿಗೆ ಚಿಕಿತ್ಸೆ ಉಂಟು. ಆದಕಾರಣ ಮೊದಲು ಪರೀಕ್ಷೆಯಾಗಬೇಕು. ನಿಮ್ಹಾನ್ಸ್ ಸಂಸ್ಥೆಯೂ ರಾಜ್ಯ ಸರ್ಕಾರವೂ ಸೇರಿ ೨೦೨೨ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯದ ಕಾರ್ಯಕ್ರಮವು, ಇಂಥ ಪರೀಕ್ಷೆ ಬೆಂಗಳೂರಿಗೆ ಹೋಗದೆಯೇ ಜಿಲ್ಲೆಗಳಲ್ಲಿ ದೊರೆಯಲಿ ಎಂಬುದಕ್ಕಾಗಿಯೇ ಹೊರಟುದು. ರೋಗವು ಅಲ್ಜೈಮರ್ ಎಂದೇ ತಿಳಿದುಬಂದರೂ, ಅದು ಸ್ವಭಾವದ ದೋಷವಲ್ಲ, ನರಕೋಶದಲ್ಲಿ ಕೂಡಿದ ಹೊರೆಯ ಫಲ ಎಂದು ಅರಿತ ಮನೆಯವರ ಮಾತಿನಲ್ಲಿ ಸಿಡುಕು ಕಡಮೆಯಾಗುವುದು.

ಇಷ್ಟಾಗಿಯೂ, ಕೋಶಶುದ್ಧಿಯ ಚೂರ್ಣ, ಆಟೋಫೇಜಿಯ ಗುಳಿಗೆ ಎಂದು ಮಾರುವವರು ಬಂದೇ ಬರುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿಯನ್ನು ನೇಮಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಅವರ ಜೀವನದ ನಿಲುವು. ಗುಳಿಗೆ ಮಾರುವವನನ್ನೂ ಹಾಗೆಯೇ ಕೇಳಬೇಕು: ಯಾವ ಮನುಷ್ಯರ ಮೇಲೆ, ಎಷ್ಟು ಜನರ ಮೇಲೆ, ಎಷ್ಟು ವರ್ಷ ಪರೀಕ್ಷಿಸಿದ್ದೀರಿ? ಉತ್ತರ ಬಾರದಿದ್ದರೆ ಹಣವನ್ನು ಗಂಟಿನಲ್ಲಿಯೇ ಇಟ್ಟುಕೊಂಡು, ಅದರಲ್ಲಿ ಅಜ್ಜನಿಗೆ ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಡಿಸಿ, ಸಂಜೆ ಅವರ ಕೈಹಿಡಿದು ಕೆರೆಯ ಏರಿಯವರೆಗೆ ನಡೆಸಿಕೊಂಡು ಬರುವುದು ಲೇಸು.